ಎಂಜಿನ್ ಹೋದಾಗ ಹಳೆಯ ಖರ್ಚು ಎಣಿಸಬೇಡಿ

ಜುಲೈ ತಿಂಗಳ ಮಧ್ಯಾಹ್ನ. ದುಬೈಯಿಂದ ಶಾರ್ಜಾಕ್ಕೆ ಬರುವ ಶೇಖ್ ಮೊಹಮ್ಮದ್ ಬಿನ್ ಜಾಯೆದ್ ರಸ್ತೆಯಲ್ಲಿ ನಮ್ಮ ಹದಿನೈದು ವರ್ಷ ಹಳೆಯ ಸ್ಪೋರ್ಟ್ಸ್ ಕಾರಿನ ಆಯಿಲ್ ದೀಪ ಹೊತ್ತಿಕೊಂಡಿತು. ಮುಂದಿನ ಎಕ್ಸಿಟ್‌ವರೆಗೆ ಹೋಗಿಬಿಡೋಣ ಅಂದುಕೊಂಡೆವು. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಸುತ್ತಿಗೆಯಿಂದ ಬಡಿದಂತೆ ಸದ್ದು ಬಂತು, ಗಾಡಿ ನಿಂತಿತು.

ರಿಕವರಿ ಗಾಡಿಯಲ್ಲಿ ಹಾಕಿಕೊಂಡು ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದ ಗ್ಯಾರೇಜಿಗೆ ಒಯ್ದೆವು. ಮೆಕ್ಯಾನಿಕ್ ಆಯಿಲ್ ಇಳಿಸಿ ತೋರಿಸಿದ. ಅದರಲ್ಲಿ ಲೋಹದ ಪುಡಿ ಮಿನುಗುತ್ತಿತ್ತು. ಎಂಜಿನ್ನಿನ ರಾಡ್ ಬೇರಿಂಗ್‌ಗಳು ತೆಳುವಾದ ಆಯಿಲ್ ಪದರದ ಮೇಲೆ ತಿರುಗುತ್ತವೆ. ಒತ್ತಡ ಇಳಿದರೆ ಲೋಹಕ್ಕೆ ಲೋಹ ಉಜ್ಜಿ ಸ್ವಲ್ಪ ಹೊತ್ತಿನಲ್ಲೇ ಎಲ್ಲ ಮುಗಿಯುತ್ತದೆ. ಆ ದೀಪ ಹೊತ್ತಿದರೆ ಗಾಡಿಯನ್ನು ಕೂಡಲೇ ಸುರಕ್ಷಿತವಾಗಿ ಬದಿಗೆ ತಂದು ಆಫ್ ಮಾಡಬೇಕು.

ನಾವು ಇದನ್ನು 30,000 ದಿರ್ಹಮ್‌ಗೆ ಕೊಂಡಿದ್ದೆವು. ಎರಡು ವರ್ಷದಲ್ಲಿ ಎಸಿ, ಟೈರು, ಸಸ್ಪೆನ್ಷನ್ ಎಂದು ಇನ್ನೂ 9,000 ಹೋಗಿತ್ತು. ರಿಪೇರಿಗೆ 22,000 ಎಂದರು. ಓಡುವ ಸ್ಥಿತಿಯಲ್ಲಿದ್ದರೆ ಗಾಡಿಗೆ 27,000 ಸಿಗಬಹುದಿತ್ತು. ಇದ್ದ ಹಾಗೇ ಮಾರಿದರೆ 6,000 ಕೊಡಲು ಒಬ್ಬ ಗಿರಾಕಿ ಸಿದ್ಧನಿದ್ದ. 27,000ದಲ್ಲಿ 22,000 ಕಳೆದರೆ 5,000. ಅಂದರೆ ರಿಪೇರಿಗಿಂತ ಮಾರುವುದೇ ಲೇಸು.

ಲೆಕ್ಕಪತ್ರವೇ ನಮ್ಮ ಕಸುಬು. ಆಗಿಹೋದ ಖರ್ಚನ್ನು ಮುಂದಿನ ತೀರ್ಮಾನಕ್ಕೆ ಸೇರಿಸಬಾರದು ಎಂದು ಬಿಕಾಂನಲ್ಲಿ ಓದಿದ್ದೇವೆ, ಸಿಎ ಪರೀಕ್ಷೆಯಲ್ಲಿ ಬರೆದಿದ್ದೇವೆ, ಕಂಪನಿಯ ಮಾಲೀಕರಿಗೂ ಹೇಳಿದ್ದೇವೆ. ನಮ್ಮ ಸರದಿ ಬಂದಾಗ ಮಾತ್ರ 'ಆಗಲೇ 39,000 ಹಾಕಿದ್ದೇವಲ್ಲ' ಎಂದು 8,000 ಅಡ್ವಾನ್ಸ್ ಕೊಟ್ಟೆವು.

ಎಂಜಿನ್ ಬಿಚ್ಚಿದಾಗ ಸಿಲಿಂಡರ್ ಗೋಡೆಗಳಲ್ಲೂ ಗೀರು ಬಿದ್ದಿತ್ತು. ಅಂದಾಜು 29,000ಕ್ಕೆ ಏರಿತು. ಸಂಬಳದ ಮೇಲೆ ಪರ್ಸನಲ್ ಲೋನ್ ತೆಗೆಯಿರಿ ಎಂದು ಗೆಳೆಯರು ಸಲಹೆ ಕೊಟ್ಟರು. ಯುಎಇಯಲ್ಲಿ ಸಂಬಳದ 20 ಪಟ್ಟಿನವರೆಗೆ ಸಾಲ ಸಿಗಬಹುದು, 48 ತಿಂಗಳಲ್ಲಿ ತೀರಿಸಬೇಕು. ಹಳೆಯ ಗಾಡಿಗೆ ನಾಲ್ಕು ವರ್ಷದ ಕಂತು! ಅಲ್ಲಿಗೆ ನಮಗೆ ಎಚ್ಚರವಾಯಿತು. ಬಿಚ್ಚಿದ ಕೂಲಿ 3,000 ಹಿಡಿದುಕೊಂಡು ಗ್ಯಾರೇಜಿನವರು ಉಳಿದ ಅಡ್ವಾನ್ಸ್ ವಾಪಸ್ ಕೊಟ್ಟರು. ಬಿಚ್ಚಿದ ಗಾಡಿ 4,000ಕ್ಕೆ ಹೋಯಿತು. ಕೈಗೆ ಉಳಿದದ್ದು 1,000. ಮೊದಲ ದಿನವೇ ಮಾರಿದ್ದರೆ 6,000 ಬರುತ್ತಿತ್ತು. ನಮ್ಮ ಹಟದ ಬೆಲೆ 5,000 ದಿರ್ಹಮ್. ಒಂದಕ್ಕೆ 23 ರೂಪಾಯಿ ಎಂದಿಟ್ಟುಕೊಂಡರೂ 1,15,000 ರೂಪಾಯಿ.

ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದಿದೆ. ಆ 8,000 ದಿರ್ಹಮ್ ಪುತ್ತೂರಿನ ಮನೆಯ ಮಾಡು ಬದಲಿಸಲು ಕಳಿಸಬೇಕಿದ್ದ ಹಣ. ನಾವು ಅಪ್ಪನಿಗೆ ಫೋನಿನಲ್ಲಿ 'ಬೋನಸ್ ತಡವಾಗಿದೆ' ಎಂದೆವು. ಅಪ್ಪ ಆಗಲೇ ಬಡಗಿಗೆ ಮಾತು ಕೊಟ್ಟಿದ್ದರು. ನಮಗೆ ತಿಳಿಸದೆ ಅಮ್ಮನ ಬಳೆ ಸೊಸೈಟಿಯಲ್ಲಿ ಅಡವಿಟ್ಟು ಮರ ತರಿಸಿದರು. ರಜೆಗೆ ಊರಿಗೆ ಹೋದಾಗ ಅಮ್ಮನ ಬರಿಗೈ ನೋಡಿ ನಮಗೆ ವಿಷಯ ಗೊತ್ತಾಯಿತು. ನಾವೂ ಕಾರಿನ ಕತೆ ಹೇಳಿದೆವು. ಅಪ್ಪ ಬೈಯಲಿಲ್ಲ. "ಗಾಡಿ ಹಾಳಾಯ್ತು ಅಂತ ಒಂದು ಮಾತು ಹೇಳಿದ್ದಿದ್ರೆ ಬಡಗಿಗೆ ಮುಂದಿನ ವರ್ಷ ಬಾ ಅಂತಿದ್ದೆ" ಎಂದರು, ಅಷ್ಟೇ.

ಹಳೆಯ ಸ್ಪೋರ್ಟ್ಸ್ ಕಾರು ಕೊಳ್ಳಬೇಡಿ ಎಂದು ನಾವು ಹೇಳುವುದಿಲ್ಲ. ಹುಡುಗರಾಗಿದ್ದಾಗ ಕ್ಯಾಲೆಂಡರಿನಲ್ಲಿ ನೋಡಿದ ಗಾಡಿಯನ್ನು ಒಮ್ಮೆ ಓಡಿಸುವ ಆಸೆ ತಪ್ಪಲ್ಲ. ಆದರೆ ಇಂಥ ಗಾಡಿ ಅಗ್ಗಕ್ಕೆ ಸಿಗುವುದು ಅದರ ರಿಪೇರಿ ಅಗ್ಗವಲ್ಲ ಎಂಬ ಕಾರಣಕ್ಕೇ. ಕೊಳ್ಳುವ ಮೊದಲು ಬೇರೆ ಗ್ಯಾರೇಜಿನಲ್ಲಿ ಕಂಪ್ರೆಷನ್ ಟೆಸ್ಟ್ ಮಾಡಿಸಿ. ಒಂದು ಎಂಜಿನ್ನಿನ ಬೆಲೆಯಷ್ಟು ಹಣ ಪಕ್ಕಕ್ಕಿಡಲು ಆಗದಿದ್ದರೆ ಆ ಗಾಡಿ ನಮಗಲ್ಲ. ಫುಲ್ ಇನ್ಶೂರೆನ್ಸ್ ಇದೆಯಲ್ಲ ಎಂದು ನಂಬಬೇಡಿ, ಅದು ಅಪಘಾತಕ್ಕೆ, ಸವೆದ ಎಂಜಿನ್ನಿಗಲ್ಲ. ಸೆಕೆಂಡ್‌ಹ್ಯಾಂಡ್ ಎಂಜಿನ್ ಹಾಕಿಸುವುದಾದರೆ ವಾರಂಟಿಯನ್ನು ಬರವಣಿಗೆಯಲ್ಲಿ ಪಡೆಯಿರಿ, ಮತ್ತೆ ಇಳಿಸಿ ಕೂರಿಸುವ ಕೂಲಿ ಯಾರದು ಎಂದೂ ಕೇಳಿ. ಮುಲ್ಕಿಯಾದಲ್ಲಿ ಎಂಜಿನ್ ನಂಬರ್ ಇರುತ್ತದೆ ಎಂಬುದು ನೆನಪಿರಲಿ.

ಎಂಜಿನ್ ಹೋದ ದಿನ ಕಾಗದದ ಮೇಲೆ ಮೂರೇ ಅಂಕಿ ಬರೆಯಿರಿ: ಇನ್ನು ಹಾಕಬೇಕಾದ ಹಣ, ಆಮೇಲೆ ಗಾಡಿಗೆ ಸಿಗುವ ಬೆಲೆ, ಇದ್ದ ಹಾಗೇ ಮಾರಿದರೆ ಬರುವ ಹಣ. ಈವರೆಗೆ ಹಾಕಿದ್ದನ್ನು ಬರೆಯಬೇಡಿ. ನಂತರ ಊರಿಗೆ ಫೋನ್ ಮಾಡಿ ನಿಜ ಹೇಳಿ. ಊರಿನಲ್ಲಿರುವ ಅಪ್ಪ ಅಮ್ಮಂದಿರಲ್ಲಿ ನಮ್ಮ ವಿನಂತಿಯೂ ಒಂದೇ: ಹಣ ಬರುವುದು ತಡವಾದರೆ ಬಳೆ ಬಿಚ್ಚುವ ಮೊದಲು ಒಮ್ಮೆ ಮಕ್ಕಳನ್ನು ಬಿಡಿಸಿ ಕೇಳಿ.