ಮಗುವನ್ನು ಒಪ್ಪಿಸುವ ಮುನ್ನ ಮಾತು ಮುಗಿದಿರಲಿ

ಹೆರಿಗೆ ರಜೆ ಮುಗಿದ ಮರುದಿನ ಬೆಳಗಿನ ಪಾಳಿಗೆ ಹೊರಟ ಹೆಣ್ಣುಮಗಳ ಮುಂದೆ ಒಂದೇ ಪ್ರಶ್ನೆ: ಮಗು ಯಾರ ಬಳಿ? ಅತ್ತೆ ಹಳ್ಳಿಯಲ್ಲಿ, ತವರಿನ ತಾಯಿ ಇನ್ನೊಬ್ಬ ಮಗಳ ಬಾಣಂತನದಲ್ಲಿ, ಗಂಡ ರಾತ್ರಿ ಪಾಳಿ ಮುಗಿಸಿ ಬಂದು ಮಲಗಿದ್ದಾನೆ. ತಳ್ಳುಗಾಡಿಯಲ್ಲಿ ತರಕಾರಿ ಮಾರುವ, ಗೂಡಂಗಡಿಯಲ್ಲಿ ಕೂರುವ ತಾಯಿಯ ಪಾಡೂ ಇದೇ. ಅವಳಿಗಂತೂ ಸಂಬಳದ ರಜೆಯೆಂಬುದೇ ಇಲ್ಲ. ಕೊನೆಗೆ, ಪಕ್ಕದ ಓಣಿಯಲ್ಲಿ ನಾಲ್ಕಾರು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸೊಬ್ಬಳಿದ್ದಾಳೆಂದು ಯಾರೋ ಹೇಳುತ್ತಾರೆ. “ನಮ್ಮ ಕೂಸನ್ನೂ ನೋಡ್ಕೊಂತೀರೇನಕ್ಕಾ?” “ಅದಕ್ಕೇನಂತೆ, ಕರ್ಕೊಂಡು ಬಾರವ್ವ.” ಮಾತು ಮುಗಿಯಿತು. ಮರುದಿನದಿಂದ ಮಗು ಅಲ್ಲಿ, ತಾಯಿ ಯಂತ್ರದ ಮುಂದೆ.

ಅಂಗಡಿಗೆ ಒಂದು ಮೂಟೆ ಅಕ್ಕಿ ಇಳಿಸಿಕೊಳ್ಳುವಾಗ ತೂಕವೆಷ್ಟು, ದರವೆಷ್ಟು, ಹಣಕ್ಕೆ ಗಡುವೆಷ್ಟು ಎಂದು ಕೇಳದೆ ಬಿಡದ ನಾವು, ಮಗುವಿನ ವಿಷಯದಲ್ಲಿ ಮಾತ್ರ ದಾಕ್ಷಿಣ್ಯಕ್ಕೆ ಕಟ್ಟುಬಿದ್ದು ಬಾಯಿ ಮುಚ್ಚಿಕೊಳ್ಳುತ್ತೇವೆ. ಎರಡು ತಿಂಗಳು ಕಳೆಯುವುದರೊಳಗೆ ತಾಯಿಗೆ ಅನುಮಾನ, ಆ ಅಕ್ಕನಿಗೆ ಅಸಮಾಧಾನ. ಒಂದು ದಿನ ಬೀದಿಜಗಳ. ಇಬ್ಬರೂ ಬಡವರು, ಇಬ್ಬರೂ ದುಡಿದು ತಿನ್ನುವವರು. ನಡುವೆ ನೊಂದದ್ದು ಮಗು. ಮಾತು ಬಲ್ಲವನಿಗೆ ಜಗಳವಿಲ್ಲವೆಂಬ ಗಾದೆಯನ್ನು ನಾವು ಮೊದಲು ಅನ್ವಯಿಸಬೇಕಾದದ್ದು ಇಲ್ಲಿ.

ಮೊದಲನೆಯ ಮಾತು ಕೂಲಿಯದು. ಮಗು ನೋಡುವವಳೂ ಕಾರ್ಮಿಕಳೇ ಎಂಬುದನ್ನು ನಾವು ಮರೆಯಬಾರದು. ವೇಳೆ ಮೀರಿ ದುಡಿಸಿದರೆ ಎರಡರಷ್ಟು ಕೂಲಿ ಕೊಡಬೇಕೆಂದು ಗಿರಣಿಯ ಮಾಲೀಕನನ್ನು ಕೇಳುವವರು ನಾವು. ಸಂತೆಯ ದಿನ ಅಂಗಡಿ ಮುಚ್ಚುವುದು ತಡವಾಗಿ ರಾತ್ರಿ ಒಂಬತ್ತಕ್ಕೆ ಬಂದು, “ಸ್ವಲ್ಪ ಹೊತ್ತು ತಾನೇ” ಎಂದು ಮಗುವನ್ನೆತ್ತಿಕೊಂಡು ಹೊರಡುವುದು ಯಾವ ನ್ಯಾಯ? ಸಂಬಳವೆಷ್ಟು, ಯಾವ ತಾರೀಖಿಗೆ, ತಡವಾದ ಹೊತ್ತಿಗೆ ಎಷ್ಟು, ವಾರದ ರಜೆ ಯಾವತ್ತು, ಹಬ್ಬದ ದಿನಗಳ ಲೆಕ್ಕವೇನು, ಆಕೆಗೇ ಜ್ವರ ಬಂದರೆ ಮುಂಚಿತವಾಗಿ ಯಾರಿಗೆ ತಿಳಿಸಬೇಕು ಎಂಬುದೆಲ್ಲ ಮೊದಲೇ ಇತ್ಯರ್ಥವಾಗಲಿ.

ಎರಡನೆಯದು ಊಟ ಮತ್ತು ಹಾಲು. ಆರು ತಿಂಗಳವರೆಗೆ ಎದೆಹಾಲಲ್ಲದೆ ನೀರೂ ಬೇಡವೆಂಬುದು ವೈದ್ಯರ ಮಾತು. ಹಿಂಡಿಟ್ಟ ಹಾಲನ್ನು ಹೊರಗಡೆ ನಾಲ್ಕು ಗಂಟೆಗಿಂತ ಹೆಚ್ಚು ಹೊತ್ತು ಇಡಬಾರದು. ವರ್ಷ ತುಂಬದ ಕೂಸಿಗೆ ಜೇನುತುಪ್ಪ ನೆಕ್ಕಿಸಬಾರದು. ಆಕೆ ಪ್ರೀತಿಯಿಂದಲೇ ನೆಕ್ಕಿಸಬಹುದು. ಹೇಳದಿದ್ದರೆ ತಪ್ಪು ನಮ್ಮದು.

ಮೂರನೆಯದು ಎಲ್ಲಕ್ಕಿಂತ ಮುಖ್ಯವಾದದ್ದು: ನಿದ್ದೆ ಮತ್ತು ಔಷಧಿ. ೧೯೨೦ರ ದಶಕದಲ್ಲಿ ಬೊಂಬಾಯಿಯ ಹತ್ತಿ ಗಿರಣಿಗಳ ತಾಯಂದಿರು ಕೂಸುಗಳಿಗೆ ಅಫೀಮು ತಿನ್ನಿಸಿ ಮಲಗಿಸಿ ಕೆಲಸಕ್ಕೆ ಹೋಗುತ್ತಿದ್ದರೆಂದು ಆಗ ವಿಚಾರಣೆ ನಡೆಸಿದ ವೈದ್ಯರು ಬರೆದಿಟ್ಟಿದ್ದಾರೆ. ಆ ತಾಯಂದಿರು ಕಟುಕರಾಗಿರಲಿಲ್ಲ; ಕೂಸನ್ನು ಬಿಡಲು ಅವರಿಗೆ ಜಾಗವಿರಲಿಲ್ಲ. ಇಂದು ಅಫೀಮಿನ ಬದಲು ಕೆಮ್ಮಿನ ಸಿರಪ್ಪಿನ ಬಾಟಲಿ ಸುಲಭವಾಗಿ ಕೈಗೆ ಸಿಗುತ್ತದೆ. ೨೦೨೫ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ವಿಷ ಬೆರೆತ ಕೆಮ್ಮಿನ ಸಿರಪ್ಪು ಕುಡಿದು ಎಳೆಯ ಮಕ್ಕಳು ಸತ್ತದ್ದನ್ನು ದೇಶವೇ ಕಂಡಿದೆ. ಆದ್ದರಿಂದ ಮುಚ್ಚುಮರೆಯಿಲ್ಲದೆ ಹೇಳಬೇಕು: “ಅಕ್ಕಾ, ಮಗು ಎಷ್ಟೇ ಅಳಲಿ, ನಾನು ಕೊಟ್ಟ ಔಷಧಿ ಬಿಟ್ಟು ಒಂದು ತೊಟ್ಟೂ ಬೇರೆ ಹಾಕಬೇಡಿ.” ಜ್ವರ ಬಂದರೆ ಮೊದಲು ಯಾರಿಗೆ ಫೋನು? ಗೇಟಿನಲ್ಲೇ ಮೊಬೈಲು ತೆಗೆದಿಟ್ಟುಕೊಳ್ಳುವ ಕಾರ್ಖಾನೆಯಾದರೆ ಮೇಲ್ವಿಚಾರಕರ ನಂಬರೂ ಆಕೆಯ ಬಳಿ ಇರಬೇಕು. ಆಂಬುಲೆನ್ಸಿನ ೧೦೮ ಗೋಡೆಯ ಮೇಲೆ ಬರೆದಿರಲಿ. ಲಸಿಕೆಯ ಕಾರ್ಡಿನ ಪ್ರತಿ ಅಲ್ಲೊಂದಿರಲಿ.

ನಾಲ್ಕನೆಯದು ಮನೆ. ಹೋಗಿ ಕಣ್ಣಾರೆ ನೋಡಬೇಕು. ತೆವಳುವ ಮಗು ಮುಳುಗಲು ಬಾವಿ ಬೇಕಿಲ್ಲ, ಅರ್ಧ ಬಕೆಟ್ ನೀರು ಸಾಕು. ಒಲೆ ಎಲ್ಲಿದೆ, ಸೀಮೆಎಣ್ಣೆ, ಫಿನಾಯಿಲು ಎಲ್ಲಿಟ್ಟಿದ್ದಾರೆ, ಮೆಟ್ಟಿಲಿಗೆ ತಡೆಯಿದೆಯೇ, ಒಬ್ಬಳೇ ಎಷ್ಟು ಮಕ್ಕಳನ್ನು ನೋಡುತ್ತಾಳೆ, ಹಗಲು ಆ ಮನೆಗೆ ಯಾರು ಯಾರು ಬಂದು ಹೋಗುತ್ತಾರೆ ಎಂದು ಕೇಳುವುದರಲ್ಲಿ ಅವಮಾನವೇನೂ ಇಲ್ಲ. ಸಂಜೆ ಮಗುವನ್ನು ಯಾರ ಕೈಗೆ ಕೊಡಬೇಕು, ಯಾರ ಕೈಗೆ ಕೊಡಬಾರದು ಎಂಬುದನ್ನು ಹೆಸರು ಹಿಡಿದು ಹೇಳಬೇಕು. ಹೊಡೆತ ಕೂಡದು, ಕತ್ತಲೆ ಕೋಣೆಗೆ ಹಾಕಿ ಹೆದರಿಸುವುದೂ ಕೂಡದು. ತಾಯಿ ಯಾವ ಹೊತ್ತಿಗೆ ಬಂದರೂ ಬಾಗಿಲು ತೆರೆಯಬೇಕು. ಮಧ್ಯಾಹ್ನ ಬರಬೇಡಿರೆಂದು ಹೇಳುವ ಮನೆಯಲ್ಲಿ ಮಗುವನ್ನು ಬಿಡಬೇಡಿ.

ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು ಇಬ್ಬರೂ ಒಂದೊಂದು ಪ್ರತಿ ಇಟ್ಟುಕೊಳ್ಳಲಿ. ಓದು ಬರದಿದ್ದರೆ ಸಂಘದ ಕಚೇರಿಗೆ ಬನ್ನಿ, ಬರೆದುಕೊಡೋಣ. ಮೊದಲ ಎರಡು ಮೂರು ದಿನ ತಾಯಿಯೋ ತಂದೆಯೋ ಮಗುವಿನೊಡನೆ ಅಲ್ಲಿ ಕುಳಿತಿದ್ದು ಬರಲಿ. ತಂದೆಯೋ ಎಂದು ಬೇಕೆಂದೇ ಬರೆದಿದ್ದೇವೆ. ಮಗುವಿನ ಚಿಂತೆ ಹೆಂಗಸಿನ ಪಾಲಿಗೆ ಮಾತ್ರ ಬರೆದದ್ದಲ್ಲ.

ಆದರೆ ಇಲ್ಲಿಗೇ ಮಾತು ನಿಲ್ಲಿಸಿದರೆ ನಾವು ಮಾಲೀಕವರ್ಗಕ್ಕೆ ಉಪಕಾರ ಮಾಡಿದಂತಾದೀತು. ಶಿಶುವಿಹಾರ ಯಾರ ಔದಾರ್ಯವೂ ಅಲ್ಲ. ೧೯೪೮ರ ಕಾರ್ಖಾನೆ ಕಾಯಿದೆಯೇ ಐವತ್ತಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದ ಕಡೆ ಅದು ಇರಬೇಕೆಂದಿತು. ೧೯೭೬ರಲ್ಲಿ ಆ ಸಂಖ್ಯೆ ಮೂವತ್ತಕ್ಕಿಳಿಯಿತು. ಹೆಂಗಸರ ಸಂಖ್ಯೆಯನ್ನು ಮೂವತ್ತರ ಒಳಗೇ ನಿಲ್ಲಿಸಿದ ಮಾಲೀಕ ಆಗ ನುಣುಚಿಕೊಳ್ಳಬಹುದಾಗಿತ್ತು. ಹೆರಿಗೆ ಸೌಲಭ್ಯ ಕಾಯಿದೆಗೆ ೨೦೧೭ರಲ್ಲಾದ ತಿದ್ದುಪಡಿ ಗಂಡಾಳು ಹೆಣ್ಣಾಳು ಎನ್ನದೆ ಐವತ್ತು ನೌಕರರಿದ್ದರೆ ಸಾಕೆಂದಿತು; ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಿಬರುವ ಹಕ್ಕನ್ನೂ ಕೊಟ್ಟಿತು. ೨೦೨೫ರ ನವೆಂಬರ್ ೨೧ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆಯಲ್ಲೂ ಈ ಎರಡೂ ಉಳಿದಿವೆ. ನಿಮ್ಮ ಗಿರಣಿಯಲ್ಲಿ ಆ ಕೋಣೆ ಎಲ್ಲಿದೆ? ಇದ್ದರೆ ಅಲ್ಲಿ ತೊಟ್ಟಿಲಿದೆಯೋ, ಹಳೆಯ ಡಬ್ಬಗಳಿವೆಯೋ? ಕೋಣೆಯೂ ಇದ್ದು ಆಯಾಳೂ ಇದ್ದರೆ, ಮೇಲೆ ಹೇಳಿದ ಅಷ್ಟೂ ಪ್ರಶ್ನೆಗಳನ್ನು ಅಲ್ಲಿಯೂ ಕೇಳಿ.

ಗಿರಣಿಯ ಹೊರಗೆ ದುಡಿಯುವ ಬೀದಿ ವ್ಯಾಪಾರಿ ತಾಯಿಗೆ ಮಾಲೀಕನಿಲ್ಲ. ಅವಳು ಕೇಳಬೇಕಾದದ್ದು ನಗರಸಭೆಯನ್ನು, ಸರ್ಕಾರವನ್ನು. ೧೯೭೫ರಲ್ಲಿ ಆರಂಭವಾದ ಅಂಗನವಾಡಿ ಯೋಜನೆ ಮೂರು ವರ್ಷ ತುಂಬಿದ ಮಕ್ಕಳನ್ನು ಕೂರಿಸಿ ಕಲಿಸುತ್ತದೆ. ಮೂರರೊಳಗಿನ ಕೂಸನ್ನು ದಿನವಿಡೀ ಇಟ್ಟುಕೊಳ್ಳುವುದು ಅದರ ಮೂಲ ಏರ್ಪಾಡಿನಲ್ಲಿರಲಿಲ್ಲ. ೨೦೨೩ರಲ್ಲಿ ರಾಜ್ಯ ಸರ್ಕಾರ ಗ್ರಾಮ ಪಂಚಾಯಿತಿಗಳಲ್ಲಿ ‘ಕೂಸಿನ ಮನೆ’ ತೆರೆಯತೊಡಗಿತು. ಹಳ್ಳಿಯ ಕೂಸಿಗೆ ಸಲ್ಲುವುದು ಪೇಟೆಯ ಕೂಸಿಗೇಕೆ ಸಲ್ಲಬಾರದು? ಮಾರುಕಟ್ಟೆಯ ಪಕ್ಕದಲ್ಲೊಂದು ಕೂಸಿನ ಮನೆ ಬೇಕೆಂದು ಕೇಳುವುದು ಅತಿಯಾಸೆಯಲ್ಲ.

ಅದು ಬರುವವರೆಗೂ ಓಣಿಯ ಆ ಅಕ್ಕನೇ ನಮ್ಮ ಆಸರೆ. ಆಕೆಗೆ ಸಲ್ಲಬೇಕಾದ ಕೂಲಿ ಸಲ್ಲಲಿ, ನಮ್ಮ ಮಗುವಿಗೆ ಸಲ್ಲಬೇಕಾದ ಜೋಪಾನ ಸಲ್ಲಲಿ. ನಾಳೆ ಮಗುವನ್ನು ಒಪ್ಪಿಸುವವರು ಇಂದು ಸಂಜೆಯೇ ಹೋಗಿ ಆಕೆಯ ಜಗಲಿಯ ಮೇಲೆ ಒಂದು ಗಂಟೆ ಕುಳಿತು ಮಾತನಾಡಿರಿ.