ನೋಡುವವನಿಗೂ ಬಂಧವುಂಟು

2010ರ ಜನವರಿಯಲ್ಲಿ ಮೈಸೂರಿನ ಮಾನಸಗಂಗೋತ್ರಿಯ ಮೈದಾನದಲ್ಲಿ ನಡೆದ ರಣಜಿ ಟ್ರೋಫಿಯ ಅಂತಿಮ ಪಂದ್ಯವನ್ನು ಕ್ರಿಕೆಟ್ ಬಲ್ಲ ಕನ್ನಡಿಗರು ಸುಲಭವಾಗಿ ಮರೆಯಲಾರರು. ಮೊದಲ ಇನಿಂಗ್ಸ್‌ನಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕಕ್ಕೆ ಗೆಲ್ಲಲು 338 ರನ್ ಬೇಕಾಗಿತ್ತು. ಇಪ್ಪತ್ತರ ಹರೆಯದ ಮನೀಷ್ ಪಾಂಡೆ 144 ರನ್ ಗಳಿಸಿದರು. ಗಣೇಶ್ ಸತೀಶ್ 75 ರನ್ ಗಳಿಸಿ ಆಸರೆಯಾದರು. ಮುಂಬೈಯ ಅಜಿತ್ ಅಗರ್ಕರ್ ಐದು ವಿಕೆಟ್ ಪಡೆದರು. 331ಕ್ಕೆ ಕೊನೆಯ ವಿಕೆಟ್ ಬಿದ್ದಿತು. ಸೋಲಿನ ಅಂತರ ಆರೇ ರನ್.

ಆಡಿದವರಿಗೆ ಆ ಸೋಲು ಅವರ ಪುರುಷಾರ್ಥದ ಫಲ. ಆದರೆ ಬ್ಯಾಟನ್ನೂ ಚೆಂಡನ್ನೂ ಮುಟ್ಟದೆ, ಕುಳಿತಲ್ಲಿಯೇ ಎದುರಾಳಿಯ ಕೇಡನ್ನು ಬಯಸಿದವನ ಪಾಡೇನು? ಜಿನಧರ್ಮ ಈ ಪ್ರಶ್ನೆಯನ್ನು ಲಘುವಾಗಿ ಬಿಡುವುದಿಲ್ಲ. ಮಾಡಿದವನಿಗೆ, ಮಾಡಿಸಿದವನಿಗೆ ಕರ್ಮಬಂಧವಿರುವಂತೆ ಅನುಮೋದಿಸಿದವನಿಗೂ ಉಂಟು. ಗೃಹಸ್ಥನು ತ್ಯಜಿಸಬೇಕಾದ ಅನರ್ಥದಂಡಗಳಲ್ಲಿ ಅಪಧ್ಯಾನವೂ ಒಂದು. ಆಚಾರ್ಯ ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ಅದನ್ನು ವಿವರಿಸುವಾಗ, ಪರರ ವಧೆ, ಬಂಧನ, ಧನಾಪಹರಣಗಳ ಚಿಂತನೆಗಿಂತ ಮೊದಲೇ ಪರರ ಜಯಾಪಜಯಗಳ ಚಿಂತನೆಯನ್ನು ಹೆಸರಿಸುತ್ತಾರೆ. ಯಾರು ಗೆಲ್ಲಬೇಕು, ಯಾರು ಸೋಲಬೇಕು ಎಂದು ಮನಸ್ಸಿನಲ್ಲಿಯೇ ಕುದಿಯುವುದು ಅವರ ಪಟ್ಟಿಯ ಆರಂಭದಲ್ಲಿದೆ! ‘ಅನರ್ಥ’ವೆಂದರೆ ಪ್ರಯೋಜನವಿಲ್ಲದ್ದು. ಕಳ್ಳನಿಗೆ ಕದ್ದ ವಸ್ತುವಾದರೂ ದಕ್ಕೀತು. ಕುದಿದ ಪ್ರೇಕ್ಷಕನಿಗೆ ಅದೂ ಇಲ್ಲ.

ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ವಿಂಧ್ಯಗಿರಿಯಲ್ಲಿ ನಿಂತಿರುವ ಬಾಹುಬಲಿ ಸ್ವಾಮಿಯ ಕಥೆಯೂ ಒಂದು ಸ್ಪರ್ಧೆಯ ಕಥೆಯೇ. ಎರಡೂ ಸೇನೆಗಳ ವಿನಾಶವನ್ನು ತಪ್ಪಿಸಲು ಮಂತ್ರಿಗಳು ಸೂಚಿಸಿದ ಧರ್ಮಯುದ್ಧವದು: ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ. ಅಂದು ಸಾವಿರಾರು ಯೋಧರು ಆಯುಧವನ್ನು ಕೆಳಗಿಟ್ಟು ಪ್ರೇಕ್ಷಕರಾದರು. ಮೂರರಲ್ಲಿಯೂ ಸೋತ ಭರತನು ನಿಯಮವನ್ನು ಮರೆತು ಚಕ್ರರತ್ನವನ್ನು ಪ್ರಯೋಗಿಸಿದ. ಅದು ಬಾಹುಬಲಿಗೆ ಪ್ರದಕ್ಷಿಣೆ ಬಂದು ನಿಂತಿತು. ಗೆದ್ದವನು ರಾಜ್ಯವನ್ನೇ ತೊರೆದು ತಪಸ್ಸಿಗೆ ನಡೆದ. ಈ ಕಥೆಯನ್ನು ಕೇಳುವವರೆಲ್ಲ ಅಣ್ಣತಮ್ಮಂದಿರನ್ನೇ ಧ್ಯಾನಿಸುತ್ತಾರೆ. ದಡದಲ್ಲಿ ನಿಂತ ಸೇನೆಗಳತ್ತ ಯಾರೂ ನೋಡುವುದಿಲ್ಲ. ಯಾರ ಗೆಲುವಿಗಾಗಿ ಜಯಘೋಷ ಮಾಡಿದರೋ ಅವನೇ ಆ ಗೆಲುವನ್ನು ತೃಣವೆಂದು ಬಿಟ್ಟಾಗ, ಪಕ್ಷ ವಹಿಸಿ ಕೂಗಿದವರ ಕೈಯಲ್ಲಿ ಉಳಿದದ್ದು ಏನು?

ಹಾಗಾದರೆ ತನ್ನ ನಾಡಿನ ತಂಡ ಗೆಲ್ಲಲೆಂದು ಹಾರೈಸುವುದೂ ಪಾಪವೇ ಎಂದು ಕೇಳಬಹುದು. ಶ್ರಾವಕನು ಮುನಿಯಲ್ಲ, ಅವನಿಂದ ಪೂರ್ಣ ವೀತರಾಗತೆಯನ್ನು ಯಾರೂ ಅಪೇಕ್ಷಿಸುವುದಿಲ್ಲ. ರಾಗವಿರುತ್ತದೆ. ಆ ರಾಗವು ದ್ವೇಷಕ್ಕೆ ತಿರುಗುವ ಗಳಿಗೆಯನ್ನು ಗುರುತಿಸುವುದಷ್ಟೇ ಅವನ ಕೆಲಸ, ಮತ್ತು ಆರು ರನ್‌ಗಳ ಅಂತರದಲ್ಲಿ ಆ ಗಳಿಗೆ ಬಲು ಬೇಗ ಬರುತ್ತದೆ. ಐವತ್ತು ರನ್‌ಗಳಿಂದ ಸೋತವನು ನಿಟ್ಟುಸಿರಿಟ್ಟು ಎದ್ದುಹೋಗುತ್ತಾನೆ. ಕೂದಲೆಳೆಯಲ್ಲಿ ಸೋತವನು ಅಂಪೈರನನ್ನೋ ಕೊನೆಯ ಬ್ಯಾಟುಗಾರನನ್ನೋ ವರ್ಷಗಟ್ಟಲೆ ಶಪಿಸುತ್ತಾನೆ. ಇಷ್ಟವಿಯೋಗದ ಆರ್ತಧ್ಯಾನವೆಂದರೆ ಇದೇ.

ಉಮಾಸ್ವಾಮಿಗಳ ‘ತತ್ತ್ವಾರ್ಥಸೂತ್ರ’ವು ಮೈತ್ರಿ, ಪ್ರಮೋದ, ಕಾರುಣ್ಯ, ಮಾಧ್ಯಸ್ಥ್ಯ ಎಂಬ ನಾಲ್ಕು ಭಾವನೆಗಳನ್ನು ಹೇಳುತ್ತದೆ. ಗುಣದಲ್ಲಿ ಹಿರಿದಾದವರನ್ನು ಕಂಡು ಹರ್ಷಿಸುವುದು ಪ್ರಮೋದ. ಆ ಗುಣ ಯಾವ ಪಕ್ಷದ್ದೆಂದು ಅದು ವಿಚಾರಿಸುವುದಿಲ್ಲ. ಪಾಂಡೆಯ ಆಟಕ್ಕೆ ಮುಂಬೈನವನೂ, ಅಗರ್ಕರ್ ಅವರ ಎಸೆತಕ್ಕೆ ಮೈಸೂರಿನವನೂ ಚಪ್ಪಾಳೆ ತಟ್ಟಬಲ್ಲನಾದರೆ ಅದು ಪ್ರಮೋದ.

ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಊರೂರಿನಲ್ಲಿ ಸುಗ್ಗಿ ಮುಗಿದ ಬಯಲುಗಳಲ್ಲಿ ಹುಡುಗರು ಬ್ಯಾಟು ಹಿಡಿದು ಆಡುತ್ತಾರೆ. ಅವರ ಸುತ್ತ ನಿಲ್ಲುವ ಹಿರಿಯರು ಎದುರೂರಿನ ಹುಡುಗನ ಒಳ್ಳೆಯ ಹೊಡೆತಕ್ಕೆ ಮೊದಲ ಚಪ್ಪಾಳೆಯನ್ನು ತಟ್ಟಲಿ. ಮಕ್ಕಳು ಪ್ರಮೋದವೆಂಬ ಪದವನ್ನು ಆಮೇಲೆ ಕಲಿತರೂ ಆದೀತು.