ವಿಲನ್ ಯಾರು?

ಅಕ್ಕಿಪೇಟೆಯ ಮಂಡಿಯಲ್ಲಿ ಮೂಟೆಗೆ ಒರಗಿ ಪತ್ತೇದಾರಿ ಕಾದಂಬರಿ ಓದಿ ಬೆಳೆದವ ನಾನು. ಬಾಲ್ಯದಲ್ಲಿ ಏಟು, ಮನೆಯಲ್ಲಿ ಗುಟ್ಟು, ಕೊನೇ ಪುಟದಲ್ಲಿ ಸೇಡು. ಶಿಳ್ಳೆ ಗ್ಯಾರಂಟಿ! ಆದ್ರೆ ಗೆಳೆಯರೇ, ನನ್ನ ನಿದ್ದೆ ಕೆಡಿಸಿದ್ದು ಸೇಡೇ ಇಲ್ಲದ ‘ಶರಪಂಜರ’. ತ್ರಿವೇಣಿಯವರ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದರು. ಮದುವೆಗೆ ಮುಂಚಿನ ಗಾಯವನ್ನು ಕಾವೇರಿ ಒಳಗೇ ನುಂಗಿದ್ಲು. ಆಸ್ಪತ್ರೆಯಿಂದ ವಾಸಿಯಾಗಿ ಬಂದರೂ ಮನೆಯವರ ಕಣ್ಣಿಗೆ ಹುಚ್ಚಿಯೇ! ಕಲ್ಪನಾ ನೋಟ ಇವತ್ತಿಗೂ ಚುಚ್ಚುತ್ತೆ. ಇಲ್ಲಿ ಯಾರನ್ನು ಹೊಡೀತೀರಿ? ವಿಲನ್ ಅಂದ್ರೆ ಮನೆಯ ಮೌನ. ಅದೇ ಮೌನ ಮಕ್ಕಳ ಬಾಯನ್ನೂ ಮುಚ್ಚಿಸುತ್ತೆ. ಪರದೆಯ ಸೇಡಿಗೆ ಶಿಳ್ಳೆ ಹೊಡೀರಿ, ಬೇಡ ಅನ್ನಲ್ಲ. ಆದ್ರೆ ನಿಮ್ಮನೆ ಮಗು ಯಾರನ್ನೋ ಕಂಡು ಬೆದರಿದರೆ ಗದರಬೇಡಿ, ಕೂರಿಸಿಕೊಂಡು ಕೇಳಿ. 2012ರ ಪೋಕ್ಸೊ ಕಾಯ್ದೆ ಇದೆ, ಸಹಾಯವಾಣಿ 1098 ಇದೆ. ಫೋನ್ ಮಾಡೋರು ಬೇಕು, ಅಷ್ಟೆ.